ಸ್ಲ್ಯಾಬಿನ ಮೇಲೆ ಲಾರ್ವಾ ಸಮೀಕ್ಷೆ

ಗಂಗಾವತಿಯಲ್ಲಿ ನಾನು ಹಾಕಿದ ಒಂದು ಸ್ಲ್ಯಾಬು ಸೋರಿದ್ದನ್ನು ತೋರಿಸಿ, ಮೀಸೆ ಬೋಳಿಸಿಬಿಡುತ್ತೇನೆ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದ ಗೌಂಡಿ ನಾನು. ಹೀಗಾಗಿ ಪಕ್ಕದ ಮನೆಯ ಖಾಜಾಸಾಬ ತಗಡು ತೆಗೆಸಿ ಸ್ಲ್ಯಾಬು ಹಾಕಿಸುತ್ತಾನೆಂದು ತಿಳಿದಾಗ, ಆ ಕೆಲಸ ನನ್ನದೇ ಎಂದು ನಿರ್ಧರಿಸಿಬಿಟ್ಟೆ. ಅವನು ಮಾತ್ರ ‘ನೋಡೋಣ್ರಿ’ ಎನ್ನುತ್ತಿದ್ದ.

ಅಷ್ಟರಲ್ಲಿ ಓಣಿಯ ಕೊನೆಯ ಮನೆಯಲ್ಲಿ ಒಬ್ಬರಿಗೆ ಡೆಂಗಿ ಬಂತು. ಮನೆಮನೆಯ ನೀರಿನಲ್ಲಿ ಸೊಳ್ಳೆಮರಿ ಹುಡುಕಲು ಆಶಾ ಕಾರ್ಯಕರ್ತೆ ರೇಣುಕಮ್ಮ ಬಂದರು. ನೀರಿನ ತೊಟ್ಟಿ ಕಟ್ಟುವವನಿಗಿಂತ ಅದರ ಒಳಗುಟ್ಟು ಬಲ್ಲವರು ಯಾರು? ಓಣಿಯ ಆರೋಗ್ಯದ ಸಂಪೂರ್ಣ ಹೊಣೆಯನ್ನು ನಾನೇ ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ!

ಹೆಂಡತಿ ಶಾಂತವ್ವ ಹೊಸ್ತಿಲಲ್ಲೇ ತಡೆದಳು. “ಊರ ಉಸಾಬರಿ ಆಮ್ಯಾಲ. ಮೊದ್ಲ ಮ್ಯಾಲ ನಿಲ್ಲಿಸೀರಲ್ಲ, ಆ ನೀರ ಚೆಲ್ರಿ.”

“ಅದು ಕ್ಯೂರಿಂಗ್ ನೀರು. ಸಿಮೆಂಟ್ ಕುಡೀಬೇಕು. ನಿನಗ ತಿಳಿಯೂದಿಲ್ಲ.”

ನಮ್ಮದು ಹೊಸ ಸ್ಲ್ಯಾಬು. ಭತ್ತದ ಗದ್ದೆಯಂತೆ ಗಾರೆಯ ಬದು ಕಟ್ಟಿ, ನೀರು ನಿಲ್ಲಿಸಿ, ಮೇಲೆ ಹುಲ್ಲು ಹರವಿದ್ದೆ. ಬೇರೆಯವರ ಮನೆಯಾದರೆ ಯಾವಾಗಲೋ ತೆಗೆಯುತ್ತಿದ್ದೆ. ಇದು ಸ್ವಂತದ್ದು. ಇನ್ನಷ್ಟು ಗಟ್ಟಿಯಾಗಲಿ ಎಂದು ಬಿಟ್ಟಿದ್ದೆ!

ರೇಣುಕಮ್ಮನವರ ಜೊತೆ ಹೊರಟು, ಮೊದಲ ಮನೆಯಲ್ಲೇ ಬ್ಯಾರಲ್ಲನ್ನು ಬೋರಲು ಹಾಕಿಸಿದೆ. ಆಗಷ್ಟೇ ತುಂಬಿದ ಕುಡಿಯುವ ನೀರಂತೆ. ಆ ಮನೆಯ ಅಜ್ಜಿ ಬೈದದ್ದು ಬರೆಯುವಂಥದ್ದಲ್ಲ. ಮುಂದಿನದು ಖಾಜಾಸಾಬನ ಪಂಚರ್ ಅಂಗಡಿ.

“ಸಾಬ, ಇವು ಟೈರಲ್ಲ, ಸೊಳ್ಳಿ ತೊಟ್ಲ!” ಎಂದು ಗುಡುಗಿದೆ.

ರೇಣುಕಮ್ಮ ಬಗ್ಗಿ ನೋಡಿದರು. ಹನಿ ನೀರಿಲ್ಲ!

“ಎಲ್ಲಾದಕ್ಕೂ ತೂತ ಹಾಕೀನ್ರಿ ಗೌಂಡ್ಯಾರ,” ಎಂದ ಖಾಜಾಸಾಬ. “ದಿನಾ ತೂತ ಮುಚ್ಚಾವಗ ಒಂದ ತೂತ ಹಾಕೂದು ಕಷ್ಟೇನ್ರಿ?”

ಓಣಿಯೆಲ್ಲ ನಕ್ಕಿತು. ನಾನು ಸೋಲುವವನೇ? “ನೀರ ಹೆಂಗ ಇಡಬೇಕಂತ ನಮ್ಮ ಮನಿಗೆ ಬಂದ ನೋಡ್ರಿ! ಸಾಬ, ನೀನೂ ಬಾ. ಸ್ಲ್ಯಾಬೂ ನೋಡಿದಂಗಾತು.”

ಎಲ್ಲರೂ ಮೆಟ್ಟಿಲು ಹತ್ತಿದರು. ರೇಣುಕಮ್ಮ ಹುಲ್ಲು ಸರಿಸಿ, ಬಿಳಿ ಬಟ್ಟಲಲ್ಲಿ ನೀರು ಮೊಗೆದು, ನನ್ನ ಮುಂದೆ ಹಿಡಿದರು.

“ಏನ್ ಕುಣ್ಯಾಕ ಹತ್ತ್ಯಾವ್ರಿ!” ಎಂದ ಖಾಜಾಸಾಬ.

“ಅಣ್ಣಾರ, ಓಣಿಗೆಲ್ಲ ಸೊಳ್ಳಿ ಇಲ್ಲಿಂದನ ಹೊಂಟಾವು,” ಎಂದರು ರೇಣುಕಮ್ಮ ಮೆಲ್ಲಗೆ.

ಮೆಟ್ಟಿಲಿನಿಂದ ಶಾಂತವ್ವ ಕೂಗಿದಳು: “ಸಿಮೆಂಟ್ ಕುಡೀತೈತಿ ಅಂದಿದ್ರು. ಸೊಳ್ಳಿಗೆ ಕುಡಿಸ್ಯಾರ ನೋಡ್ರಿ!”

ಬದು ಒಡೆಯಲು ಹೋದೆ. ಒಡೆಯಲಿಲ್ಲ. ಅಂಥ ಗಾರೆ ನನ್ನದು! ಸುತ್ತಿಗೆ ತಂದು, ಊರೆಲ್ಲ ನೋಡುತ್ತಿರಲು, ನನ್ನ ಕೆಲಸವನ್ನು ನಾನೇ ಪುಡಿ ಮಾಡಿದೆ. ಬೆವರೊರೆಸಿಕೊಂಡು ಖಾಜಾಸಾಬನಿಗೆ ಹೇಳಿದೆ: “ಏನರ ಅನ್ನು, ಕೆಳಗ ಒಂದ ಹನಿ ಸೋರಿಲ್ಲ.”

ಅವನು ಕೆಳಗಿಳಿದು, ಚಾವಣಿಯನ್ನು ತಲೆಯೆತ್ತಿ ನೋಡಿ ಬಂದ. “ಖರೇ ಐತ್ರಿ. ಕೆಲಸ ನಿಮಗ. ಆದ್ರ ನೀರ ಹಾಕೂದು, ಚೆಲ್ಲೂದು ನಮ್ಮ ಶಾಂತವ್ವಕ್ಕಾರ ಹೇಳ್ದಂಗ.”

ಈಗ ಖಾಜಾಸಾಬನ ಸ್ಲ್ಯಾಬಿನ ಮೇಲೆ ಶಾಂತವ್ವನೇ ಮೇಸ್ತ್ರಿ. ಗಂಗಾವತಿಯ ಹೆಸರಾಂತ ಗೌಂಡಿ ಕೊಡ ಹೊರುತ್ತಿದ್ದಾನೆ!