ಹಳೇಬೀಡಿನ ಗೋಡೆಯ ಮೇಲೆ ಚೀನೀ ಪಾಠ

ಹಳೇಬೀಡಿನಲ್ಲಿ ಚೀನೀ ಭಾಷೆ ಬಲ್ಲ ಏಕೈಕ ವ್ಯಕ್ತಿ ನಮ್ಮ ಸೋದರಮಾವ. ಇದು ಸುಳ್ಳೆನ್ನಬೇಕಾದರೆ ಚೀನೀ ಬಲ್ಲ ಇನ್ನೊಬ್ಬ ಬೇಕು. ಅವನೆಲ್ಲಿದ್ದ?

ಮಾವ ದೇವಸ್ಥಾನದಲ್ಲಿ ಗೈಡು. ಗೈಡುಗಳಲ್ಲಿ ಪಾಳಿ ಇತ್ತು. ಬಂದ ಗುಂಪು ಪಾಳಿಯವನಿಗೆ. ಆದರೆ ಇಂಗ್ಲಿಷೂ ಬಾರದ, ಚೀನೀ ಮಾತಾಡುವ ಪ್ರವಾಸಿಗರು ಬಸ್ಸಿಳಿದರೆ ಪಾಳಿಯವನಿಗೆ ತಟ್ಟನೆ ಹೊಟ್ಟೆನೋವು ಬರುತ್ತಿತ್ತು. "ಪಾಪ, ಅಷ್ಟು ದೂರದಿಂದ ಬಂದು ಮೂಕರಂಗೆ ಸುತ್ಕೊಂಡು ಹೋಗ್ತಾರಲ್ಲೋ" ಎಂದು ಮಾವನಿಗೆ ಸಂಕಟ.

ತೊಂಬತ್ತೇಳೋ ತೊಂಬತ್ತೆಂಟೋ, ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ, ಅರಸೀಕೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಪುಸ್ತಕವೊಂದು ಅವರಿಗೆ ಸಿಕ್ಕಿತು. ಇಂಗ್ಲಿಷಿನ ಮೂಲಕ ಚೀನೀ ಕಲಿಸುವ ಪುಸ್ತಕ. ರಟ್ಟಿಲ್ಲ, ಏಳನೇ ಪಾಠದ ನಂತರ ಹಾಳೆಯೂ ಇಲ್ಲ!

"ಏಳು ಸಾಕು ಕಣ್ಲಾ. ದೇವಸ್ಥಾನ ತೋರ್ಸಕ್ಕೆ ಎಂಟನೇದು ಯಾಕೆ?"

ನಾನಾಗ ಮೈಸೂರಿನಲ್ಲಿ ಭಾಷಾಶಾಸ್ತ್ರದ ಎಂ.ಎ. ಮುಗಿಸಿ ಮಾವನ ಮನೆಗೆ ಬಂದಿದ್ದೆ. ಎಲ್ಲದಕ್ಕೂ ಪುರಾವೆ ಕೇಳುವ ವಯಸ್ಸು. "ಮಾವ, ಆ ಭಾಷೇಲಿ ರಾಗ ತಪ್ಪಿದ್ರೆ ಅರ್ಥವೇ ಬೇರೆ. ನಗ್ತಾರೆ."

"ನಗ್ಲಿ ಬಿಡು! ಮೂಕರಂಗೆ ಹೋಗೋದಕ್ಕಿಂತ ನಕ್ಕೊಂಡು ಹೋಗೋದು ವಾಸಿ."

ಮೊದಲ ಪಾಠದಲ್ಲಿ ಮೂರೇ ಬಗೆಯ ವಾಕ್ಯ: ಇದು ಇಂಥದ್ದು, ಇದು ಇಂಥದ್ದಾ, ಇದು ಇಂಥದ್ದಲ್ಲ. ಮಕ್ಕಳಿಲ್ಲದ ಮನೆ, ಆಕ್ಷೇಪಿಸಲು ಅತ್ತೆಯೊಬ್ಬರೇ. ಊಟಕ್ಕೆ ಕೂತ ಮಾವ ಮುದ್ದೆ ನೋಡಿ ಮೂರನ್ನೂ ಚೀನೀಯಲ್ಲಿ ಒಪ್ಪಿಸಿ, ಕನ್ನಡದಲ್ಲಿ ಅರ್ಥವನ್ನೂ ಬಿಡಿಸುತ್ತಿದ್ದರು: "ಇದು ಮುದ್ದೆ. ಇದು ಮುದ್ದೆಯಾ? ಇದು ಮುದ್ದೆ ಅಲ್ಲ." ಎರಡು ದಿನ ಸಹಿಸಿದ ಅತ್ತೆ ಮೂರನೇ ದಿನ ತಟ್ಟೆಯನ್ನೇ ಎತ್ತಿಕೊಂಡರು. "ಅಲ್ಲ ಅಂದ್ಮೇಲೆ ಯಾಕ್ ತಿಂತೀರಿ?"

ನಿನ್ನೆಯಾಗಲಿ ನಾಳೆಯಾಗಲಿ, ನಾನಾಗಲಿ ಅವರಾಗಲಿ, ಕ್ರಿಯಾಪದ ಬದಲಾಗುವುದಿಲ್ಲ ಎಂದು ತಿಳಿದ ದಿನ ಮಾವ ಕುಣಿದಾಡಿದರು. ಎಣಿಸುವ ಪಾಠ ಬಂದಾಗ ಕುಣಿಯುವ ಸರದಿ ನನ್ನದು. ಆನೆಗೊಂದು, ಕುದುರೆಗೊಂದು, ಮನುಷ್ಯನಿಗೊಂದು ಬೇರೆ ಬೇರೆ ಪದ ಸೇರಿಸಿ ಎಣಿಸಬೇಕಂತೆ! "ಇದೆಂಥ ಭಾಷೆ ಮಾವ?" ಎಂದೆ.

"ನೀನು ಎರಡು ಹುಡುಗರು ಅಂತೀಯೇನ್ಲಾ? ಇಬ್ಬರು ಅನ್ನಲ್ವಾ? ಹಂಗಾರೆ ನಿಂದೆಂಥ ಭಾಷೆ?"

ಎಂ.ಎ. ಬದಿಗಿಟ್ಟು ನಾನೂ ಮಾವನ ಜೊತೆ ಆನೆ ಎಣಿಸಲು ಕೂತೆ.

ಕೊನೆಗೊಂದು ಬೆಳಿಗ್ಗೆ, ನಾನೂ ಮಾವನ ಜೊತೆಗಿದ್ದಾಗ, ಬೇಲೂರಿನ ಕಡೆಯಿಂದ ಚೀನೀ ಪ್ರವಾಸಿಗರ ಬಸ್ಸು ಬಂತು. ಪಾಳಿಯವನ ಹೊಟ್ಟೆ ನೋಯತೊಡಗಿತು. "ಹೋಗಪ್ಪಾ ಚೀನೀ ಪಂಡಿತ!" ಎಂದು ಉಳಿದ ಗೈಡುಗಳು ನಾಟಕ ನೋಡುವವರಂತೆ ಕಟ್ಟೆಯ ಮೇಲೆ ಸಾಲಾಗಿ ಕೂತರು. ಮಾವ ಗೋಡೆಯ ಕೆಳಸಾಲಿನ ಆನೆಗೆ ಬೆರಳು ತೋರಿಸಿ, "ಜ ಶರ್ ಶ್ಯಾಂಗ್" ಎಂದರು. ಇದು ಆನೆ. ಗುಂಪು ಗೊಳ್ಳೆಂದಿತು. ಕಟ್ಟೆ ಅದಕ್ಕಿಂತ ಜೋರಾಗಿ. ಮಾವ ಬಗ್ಗಲಿಲ್ಲ; ಎರಡನೇ ಆನೆಗೂ ಅದನ್ನೇ ಹೇಳಿದರು. ಮೂರನೆಯದಕ್ಕೂ! ಆ ಗೋಡೆಯಲ್ಲಿ ಆನೆಗಳಿಗೇನು ಬರವೇ?

ಆಗ ಗುಂಪಿನ ಅಜ್ಜಿಯೊಬ್ಬರು ಮುಂದೆ ಬಂದು, ಮಾವನ ಕೈಹಿಡಿದು, ರಾಗ ತಿದ್ದಿ ಹೇಳಿಕೊಟ್ಟರು. ಮಾವ ಹೇಳಿದರು. ಅಜ್ಜಿ ತಲೆಯಾಡಿಸಿದರು. ನಾಲ್ಕನೇ ಪಾಠದ ಮೃಗಾಲಯ ಮಾವನಿಗೆ ಬಾಯಿಪಾಠವಾಗಿತ್ತು. ಆನೆ, ಸಿಂಹ, ಕುದುರೆ ಎನ್ನುತ್ತ ಇಬ್ಬರೂ ಇಡೀ ದೇವಸ್ಥಾನ ಸುತ್ತಿದರು. ಗೈಡು ಯಾರು, ಪ್ರವಾಸಿ ಯಾರು? ನಕ್ಕ ಗುಂಪು ಹಿಂದೆಯೇ ನಡೆಯಿತು. ಕಟ್ಟೆಯ ಮೇಲಿದ್ದವರೂ ಒಬ್ಬೊಬ್ಬರಾಗಿ ಇಳಿದು ಬಂದರು.

ಸುತ್ತು ಮುಗಿದಾಗ ಮಾವ ನನ್ನತ್ತ ಬೆರಳು ತೋರಿಸಿ, "ಜ ಶರ್ ವ ಅರ್‌ಜ" ಎಂದರು. ಅಜ್ಜಿ ಅದನ್ನೂ ತಿದ್ದಿ, ಮೂರು ಸಲ ಹೇಳಿಸಿ, ನನ್ನ ಕೆನ್ನೆ ಸವರಿದರು.

"ನನ್ನ ಏನಂದ್ರಿ ಮಾವ?"

"ಇದು ಕತ್ತೆ ಅಂದೆ. ಗೋಡೆ ಮೇಲೆ ಇರ್ಲಿಲ್ವಲ್ಲ!"

ಮಾವ ಈಗಿಲ್ಲ. ಆ ಹರಕು ಪುಸ್ತಕವನ್ನು ಅತ್ತೆ ನನಗೆ ಕೊಟ್ಟರು. ಏಳೂ ಪಾಠಗಳಲ್ಲಿ ಹುಡುಕಿದೆ. ಕತ್ತೆ ಎಲ್ಲೂ ಇಲ್ಲ. ಐದನೇ ಪಾಠದಲ್ಲಿ ಮಾವ ಪೆನ್ಸಿಲಿನಿಂದ ಗೆರೆ ಎಳೆದ ಒಂದು ವಾಕ್ಯವಿದೆ. ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದಾರೆ: ಜ ಶರ್ ವ ಅರ್‌ಜ. ಇವನು ನನ್ನ ಮಗ.

ಅಳಿಯ ಎಂಬ ಪದ ಆ ಏಳು ಪಾಠಗಳಲ್ಲಿ ಇಲ್ಲ, ಸಿಕ್ಕಿದ್ದನ್ನು ಬಳಸಿರಬಹುದು ಎನ್ನುತ್ತದೆ ನನ್ನ ಅನುಮಾನ. ಅಂದು ಕೇಳಿದ್ದು ಇದೇ ಶಬ್ದವೇ ಎಂದು ನೆನಪನ್ನೂ ಕೆಣಕುತ್ತದೆ. ಕೆಣಕಲಿ. ಎಲ್ಲದಕ್ಕೂ ಪುರಾವೆ ಕೇಳುವ ನಾನು ಇದೊಂದಕ್ಕೆ ಕೇಳುವುದಿಲ್ಲ. ನಗುವವರು ನಗಲಿ ಬಿಡಿ!