ಇಲಿಯಾಸನ ಮಾಳಿಗೆಯ ಸುಣ್ಣ

ದರ್ಜಿ ಇಲಿಯಾಸನಿಗೆ ಗ್ರಹಚಾರ ಒಂದು ಬಕೆಟ್ ಸುಣ್ಣದ ರೂಪದಲ್ಲಿ ಬಂತು.

ಮೊರಬದಾಚೆಯ ಒಂದು ಊರಿನಲ್ಲಿ ಉದ್ದನೆಯದೊಂದು ಮನೆಯಿದೆ. ಮುಂಬಾಗಿಲು ಹನ್ನೊಂದು, ಸಂಸಾರ ಹನ್ನೊಂದು, ಮಾಳಿಗೆ ಮಾತ್ರ ಒಂದೇ. ಮುಂದಿನ ಓಣಿಯಿಂದ ಹಿಂದಿನ ಓಣಿಯವರೆಗೆ ಹಾಸಿದ ಮಣ್ಣಿನ ಮಾಳಿಗೆ. ನಟ್ಟನಡುವಿನ ಮನೆ ಇಲಿಯಾಸನದು. ಆ ತುದಿಯವರು ಈ ತುದಿಯಲ್ಲಿ ಮೆಣಸಿನಕಾಯಿ ಒಣಗಿಸುವುದು, ಈ ತುದಿಯವರು ಆ ತುದಿಗೆ ಹರಟೆಗೆ ಹೋಗುವುದು, ಎಲ್ಲ ಅವನ ತಲೆಯ ಮೇಲಿಂದಲೇ. ಒಬ್ಬೊಬ್ಬರು ದಾಟಿದಾಗಲೂ ಹಿಡಿ ಮಣ್ಣು ಉದುರಿ ಮದುವೆ ಕುಪ್ಪಸದ ಮೇಲೆ ಬೀಳುತ್ತಿತ್ತು. ತನ್ನ ಪಾಲಿನ ಮಣ್ಣು ಕೆಡವಿ ಸಿಮೆಂಟಿನ ಛತ್ತು ಹಾಕಿಸಬೇಕೆಂದು ಆರು ವರ್ಷ ಪಂಚಾಯ್ತಿಗೆ ಅಲೆದ. "ಕಾಗದದಾಗ ನಿನ್ನ ಮನಿ ಅಂತ ಬ್ಯಾರೆ ಎಲ್ಲೈತಿ? ಇಡೀ ಸಾಲಿಗೆ ಒಂದ ನಂಬರ್ ಐತಿ" ಎಂದು ಅಟ್ಟಿದ್ದರು.

ಈಗ ಡ್ರೋನ್ ಬರುವುದಿತ್ತು. ಆಕಾಶದಿಂದ ಫೋಟೋ ತೆಗೆದು ಮನೆಮನೆಗೂ ಆಸ್ತಿ ಕಾರ್ಡ್ ಕೊಡುತ್ತಾರಂತೆ. ಸರ್ವೆ ಮೇಡಂ ಸೌಂದರ್ಯಾ ಹಿಂದಿನ ದಿನವೇ ಎಚ್ಚರಿಸಿ ಹೋಗಿದ್ದಳು. "ಮಾಳಿಗಿ ಮ್ಯಾಲ ಸುಣ್ಣದ ಗೆರಿ ಹೊಡ್ಕೊಂಡು ನಿಮ್ಮ ನಿಮ್ಮ ಹದ್ದು ತೋರಿಸ್ರಿ. ಗೆರಿ ಕಾಣಲಿಲ್ಲಂದ್ರ ಇಡೀ ಸಾಲು ಒಂದ ಮನಿ ಅಂತ ಬರತೈತಿ. ಆಮ್ಯಾಲ ನನ್ನ ಕೇಳಬ್ಯಾಡ್ರಿ."

ಬೆಳಗಾಗುತ್ತಲೇ ಇಲಿಯಾಸ ಟೇಪು, ದಾರ, ಸುಣ್ಣ ಹೊತ್ತು ಏಣಿ ಹತ್ತಿದ. ಬಟ್ಟೆಯ ಮೇಲೆ ಮೂವತ್ತು ವರ್ಷ ಗೆರೆ ಎಳೆದವನಿಗೆ ಮಣ್ಣಿನ ಮೇಲೆ ಎಳೆಯುವುದು ಯಾವ ಲೆಕ್ಕ? ಆದರೆ ಮೇಲೆ ನಿಂತ ಮೇಲೆ ಕಣ್ಣು ಕಣ್ಣು ಬಿಟ್ಟ. ಎಲ್ಲೆಲ್ಲೂ ಒಂದೇ ಮಣ್ಣು. ಕೆಳಗೆ ಯಾವ ಗೋಡೆ ಎಲ್ಲಿದೆಯೋ ಆ ದೇವರೇ ಬಲ್ಲ.

ಎಡಗಡೆ ಮನೆಯ ರೇವವ್ವ ಏಣಿಯ ಬುಡಕ್ಕೆ ಬಂದು ನಿಂತಳು. "ಅದಕ್ಯಾಕ ಚಿಂತಿ ಮಾಡ್ತಿ ತಮ್ಮಾ? ನಾ ಕೆಳಗಿಂದ ಗ್ವಾಡಿ ಬಾಜೂಕ ಒನಕಿಲೆ ಬಡೀತೇನಿ. ಸಪ್ಪಳ ಬಂದಲ್ಲೆ ಗೆರಿ ಹೊಡಿ."

ಒಳ್ಳೆಯ ಉಪಾಯ ಅನ್ನಿಸಿತು. ಕೆಳಗಿಂದ ಧಡ್ ಧಡ್ ಕೇಳಿದಲ್ಲೆಲ್ಲ ಇಲಿಯಾಸ ಗೆರೆ ಎಳೆಯುತ್ತ ಹೋದ. ಅರ್ಧಕ್ಕೆ ಬರುವಷ್ಟರಲ್ಲಿ ಅವನ ಹೆಂಡತಿ ಮುಬಶಿರಾ ಅಂಗಳದಿಂದ ಚೀರಿದಳು. "ಏನ್ರೀ, ಹೊಲಿಗಿ ಮಷೀನ್ ಮ್ಯಾಲ ಗಡಗಿ ಮಣ್ಣು ಬಿತ್ತು! ರೇವವ್ವಾರು ನಮ್ಮ ಮನ್ಯಾಗ ನಿಂತು ಬಡಿಯಾಕತ್ತಾರ!"

ಇಲಿಯಾಸ ಬೆಳಕಿಂಡಿಯಲ್ಲಿ ತಲೆ ತೂರಿಸಿ ನೋಡಿದ. ರೇವವ್ವ ಅವನ ಮನೆಯೊಳಗೆ, ಗೋಡೆಯಿಂದ ಎರಡು ಮೊಳ ಈಚೆಗೆ, ಒನಕೆ ಎತ್ತಿ ನಿಂತಿದ್ದಳು.

"ರೇವವ್ವಾರ, ಇದೇನ್ರಿ ಇದು!"

"ನಮ್ಮ ಮನ್ಯಾಗ ಕತ್ತಲಿ ಐತಪಾ. ನಿಮ್ಮಲ್ಲೆ ಬೆಳಕು ಛಲೋ ಐತಿ."

ಆ ಗೆರೆ ಕೆರೆದು ಹೊಸದು ಎಳೆಯುವುದರೊಳಗೆ ಬಲಗಡೆ ಮನೆಯ ಈರಪ್ಪ ಬಡಿಗೆ ಊರುತ್ತ ಮೇಲೆ ಬಂದ. ಆ ಕಡೆಯ ಗೋಡೆಯ ನಡುಮಧ್ಯಕ್ಕೆ ಇಲಿಯಾಸ ಎಳೆದಿದ್ದ ಗೆರೆಯನ್ನು ಅವನು ಕಾಲಿನಿಂದ ಉಜ್ಜಿಬಿಟ್ಟ.

"ಈ ಗ್ವಾಡಿ ಪೂರ್ತಿ ನಮ್ಮದು. ನಮ್ಮಪ್ಪ ಕಟ್ಟಿಸಿದ್ದು. ನಿಮ್ಮಜ್ಜ ಬಂದು ಅದಕ್ಕ ಬೆನ್ನು ಹಚ್ಚಿ ಕುಂತಾ, ಅಷ್ಟ."

"ಕಾಕಾ, ಅರ್ಧ ಗ್ವಾಡಿ ಬಿಟ್ರ ನಂದೂ ಒಂದು ಮನಿ ಆಗತೈತ್ರಿ."

"ಬೆನ್ನು ಹಚ್ಚಾಕ ಕೊಟ್ಟದ್ದ ಹೆಚ್ಚಾತು!"

ಅವನು ಎಳೆಯುವುದು, ಇವರು ಅಳಿಸುವುದು. ರೇವವ್ವನೂ ಮೇಲೆ ಬಂದು ಸಗಣಿ ನೀರು ಚೆಲ್ಲಿ ಎಡಗಡೆಯ ಗೆರೆಯನ್ನು ನೀಟಾಗಿ ಸಾರಿಸಿದಳು. ಉಳಿದ ಎಂಟು ಮನೆಯವರು ನ್ಯಾಯ ಹೇಳಲು ಮಾಳಿಗೆ ಹತ್ತಿದರು. ಒಬ್ಬರ ನ್ಯಾಯ ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಅವರೆಲ್ಲ ನಿಂತದ್ದು ಮತ್ತೆ ಇಲಿಯಾಸನ ಪಾಲಿನ ಮೇಲೆಯೇ. ಕೆಳಗೆ ಮುಬಶಿರಾ ಕುಪ್ಪಸಗಳಿಗೆಲ್ಲ ಚಾದರ ಹೊದಿಸಿದಳು; ಅವಳು ಅಳುವುದೊಂದು ಬಾಕಿ ಇತ್ತು.

ಅಷ್ಟರಲ್ಲಿ ಗುಡಿಯ ಕಡೆಯಿಂದ ಗುಂಯ್ ಎಂಬ ಸದ್ದು. ಡ್ರೋನ್ ಎದ್ದಿತ್ತು.

ಇಲಿಯಾಸನ ತಾಳ್ಮೆ ಹರಿದೇಹೋಯಿತು. ಬಡವನಿಗೆ ಸಿಟ್ಟು ಬಂದರೂ ಅದು ಅವನಿಗೇ ಮುಳುವಾಗುವುದು ಈ ಲೋಕದ ಕೆಟ್ಟ ಚಾಳಿ. "ಗೆರಿ ಅಳಸ್ತೀರಿ? ಹಂಗಾರ ಗೆರೀನ ಬ್ಯಾಡ!" ಎಂದವನೇ ಇಡೀ ಬಕೆಟ್ ತನ್ನ ಪಾಲಿನ ಮೇಲೆ ಸುರುವಿದ. ಇನ್ನೂ ಮೂರು ಬಕೆಟ್ ತರಿಸಿದ. ಕಸಬರಿಗೆಯಿಂದ ಮುಂದಿನ ಓಣಿಯ ಅಂಚಿನಿಂದ ಹಿಂದಿನ ಓಣಿಯ ಅಂಚಿನವರೆಗೆ, ಒಂದಂಗುಲ ಬಿಡದೆ ಬೆಳ್ಳಗೆ ಬಳಿದ. ಸೀರೆ ಪಂಚೆಗೆಲ್ಲ ಸುಣ್ಣ ಸಿಡಿದು ನ್ಯಾಯ ಹೇಳುವವರು ದಡದಡ ಇಳಿದು ಓಡಿದರು. "ಈಗ ಅಳಸ್ರಿ ನೋಡೂಣು!" ಎಂದು ಅವನೂ ಇಳಿದ. ಡ್ರೋನ್ ತಲೆಯ ಮೇಲೆ ಎರಡು ಸುತ್ತು ಹಾಕಿ ಹೋಯಿತು. ಇಲಿಯಾಸನಿಗೆ ಆರು ವರ್ಷದ ಭಾರ ಇಳಿದಷ್ಟು ಸುಖವಾಯಿತು.

ಸಂಜೆ ಪಂಚಾಯ್ತಿಯಲ್ಲಿ ಸೌಂದರ್ಯಾ ಕಂಪ್ಯೂಟರಿನಲ್ಲಿ ಕಚ್ಚಾ ನಕಾಶೆ ತೋರಿಸಿದಳು. ಇಲಿಯಾಸ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ. ಉದ್ದ ಮನೆ ಚೊಕ್ಕವಾಗಿ ಎರಡು ತುಂಡಾಗಿತ್ತು. ಎಡಕ್ಕೆ ಐದು ಸಂಸಾರ, ಬಲಕ್ಕೆ ಐದು ಸಂಸಾರ. ನಡುವೆ ಬೆಳ್ಳಗೆ, ಅಗದಿ ನೇರವಾಗಿ, ಅವನ ಸುಣ್ಣ.

"ಮೇಡಮ್ಮಾರ, ಇದ ನಮ್ಮ ಮನಿ. ಇದರ ಕಾರ್ಡ್ ಕೊಡ್ರಿ."

ಅವಳು ಹುಬ್ಬು ಗಂಟಿಕ್ಕಿದಳು. "ಮನಿ ಹೆಂಗ ಆಕ್ಕೈತ್ರಿ? ಮುಂದಿನ ಓಣಿಯಿಂದ ಹಿಂದಿನ ಓಣಿಗೆ ಹೋಗೂ ಸಿಮೆಂಟ್ ರಸ್ತೆ ಅಂತ ಬಂದೈತಿ. ರಸ್ತೆಗೆ ಕಾರ್ಡ್ ಬರೂದಿಲ್ಲ."

"ಅದು ಸುಣ್ಣರೀ! ನಾನ ಬಳದೇನಿ!"

"ಹಂಗಾರ ತಕರಾರು ಅರ್ಜಿ ಕೊಡ್ರಿ. ಎರಡೂ ಬಾಜೂ ಮನಿಯವರ ಸಹಿ ಬೇಕು. ರಸ್ತೆ ಅಲ್ಲ, ಮನಿ ಅಂತ ಅವರು ಹೇಳಬೇಕು."

ಇಲಿಯಾಸ ತಿರುಗಿ ನೋಡಿದ. ಈರಪ್ಪ ನಕಾಶೆಯನ್ನು ಕಣ್ತುಂಬ ನೋಡುತ್ತಿದ್ದ. "ಸರಕಾರ ಹಾಕಿದ ರಸ್ತೆ ನಾ ಹೆಂಗ ಇಲ್ಲ ಅನ್ನಲೋ? ರಸ್ತೆ ಬಾಜೂಕ ಮೂಲಿಮನಿ ಅಂದ್ರ ಕಿಮ್ಮತ್ತ ಬ್ಯಾರೆ" ಎಂದು ಬಡಿಗೆ ಊರಿಕೊಂಡು ಹೊರಟ. ರೇವವ್ವ ಆಗಲೇ ಹೋಗಿಬಿಟ್ಟಿದ್ದಳು.

ಮನೆಗೆ ಬಂದು ಇಲಿಯಾಸ ಹೊಲಿಗೆ ಯಂತ್ರದ ಮುಂದೆ ತಲೆ ಹಿಡಿದು ಕೂತ. ಮುಬಶಿರಾ ಚಹಾ ಕೊಟ್ಟಳು. ಮುಂಬಾಗಿಲು ಕಿರ್ರೆಂದಿತು. ಜೋಳದ ಡಬ್ಬಿ ತಲೆಯ ಮೇಲೆ ಹೊತ್ತು ರೇವವ್ವ ಒಳಗೆ ಬಂದಳು. ಹಿಂದಿನ ಓಣಿಯ ಗಿರಣಿಗೆ ಹೊರಟಿದ್ದಳು.

"ರೇವವ್ವಾರ, ಚಪ್ಪಲಿರೀ!" ಎಂದ ಇಲಿಯಾಸ.

"ರಸ್ತೆದಾಗ ಯಾರರ ಚಪ್ಪಲಿ ಬಿಡ್ತಾರೇನೋ ತಮ್ಮಾ?" ಎಂದು ರೇವವ್ವ ಅವನ ಯಂತ್ರದ ಪಕ್ಕದಿಂದ ಹಾದು ಹಿಂಬಾಗಿಲಿನಿಂದ ಹೊರಟುಹೋದಳು.