ರೈಟರ ಜೀಪಿಗೆ ಉಷ್ಣ

ವಾರಕ್ಕೊಂದಾದ್ರೂ ನಗೋ ಸಂಗತಿ ಸಿಗ್ದಿದ್ರೆ ನನಗೆ ತಿಂದ ಅನ್ನ ಕರಗಲ್ಲ. ಸದ್ಯ, ನಾನಿರೋದು ಸುಂಟಿಕೊಪ್ಪದಲ್ಲಿ, ಪಕ್ಕದ್ಮನೇಲಿರೋದು ರೈಟ್ರು. ಹಾಗಾಗಿ ಹೊಟ್ಟೆಗೆ ಯಾವತ್ತೂ ತೊಂದ್ರೆ ಆಗಿಲ್ಲ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಈ ರೈಟ್ರು ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ಕೆಲ್ಸ ಬಿಟ್ಟು, ಮಿಲಿಟರಿಯೋರು ಹರಾಜು ಹಾಕಿದ ಜೀಪೊಂದನ್ನ ತಂದು ಅಂಗಳದಲ್ಲಿ ನಿಲ್ಸಿದ್ರು. ಯುದ್ಧ ನೋಡಿದ ಗಾಡಿ ಅಂತೆ. ಅದರ ಮುಖ ನೋಡಿದ್ರೆ ಸೋತೋರ ಕಡೇದೇ ಇರ್ಬೇಕು ಅನ್ನಿಸ್ತಿತ್ತು. ಅದನ್ನ ಅದೇ ಎಸ್ಟೇಟಿಗೆ ತಿಂಗಳ ಬಾಡಿಗೆಗೆ ಬಿಡೋ ಯೋಚನೆ. ಮ್ಯಾನೇಜರು ಒಂದೇ ಮಾತು ಹೇಳಿದ್ರು: "ಮಡಿಕೇರಿವರೆಗೆ ಇಂಜಿನ್ ನೀರು ಕುದೀದೆ ಹತ್ಸಿ ತೋರ್ಸಿ, ಇಟ್ಕೊಳ್ತೀನಿ." ಆಗ್ಲಿಲ್ಲಾಂದ್ರೆ ರೈಟ್ರಿಗೆ ಕೆಲ್ಸಾನೂ ಇಲ್ಲ, ಬಾಡಿಗೆನೂ ಇಲ್ಲ. ಜೀಪೋ, ಊರು ದಾಟೋಕೆ ಮೊದ್ಲೇ ಮೂಗಲ್ಲಿ ಆವಿ ಬಿಡ್ತಿತ್ತು.

೧. ಬಾವಿ ನೀರು ಆಗಲ್ಲ

"ತಪ್ಪು ಜೀಪಿಂದಲ್ಲ ಅಕ್ಕಾ, ನೀರಿಂದು," ಅಂದ್ರು ರೈಟ್ರು. ಬಾವಿ ನೀರಲ್ಲಿ ಉಪ್ಪು ಇರುತ್ತಂತೆ, ರೇಡಿಯೇಟರ್ ಒಳಗೆ ಕಟ್ಕೊಳ್ಳುತ್ತಂತೆ. ಅವತ್ತಿಂದ ಅವರ ಹೆಂಡ್ತಿ ಹಂಡೇಲಿ ನೀರು ಕುದಿಸಿ, ಆರಿಸಿ, ಬಟ್ಟೇಲಿ ಸೋಸಿ ಜೀಪಿಗೆ ಕೊಡ್ಬೇಕು. ಮನೆಯೋರಿಗೆ ಸ್ನಾನಕ್ಕೆ ತಣ್ಣೀರು.

"ಅಲ್ವೇ," ಅಂದೆ ಅವಳಿಗೆ, "ಕುದೀಬಾರದು ಅಂತ ಹಾಕೋ ನೀರಿಗೆ ಕುದಿಯೋದನ್ನ ನೀವೇ ಕಲಿಸಿ ಕಳಿಸ್ತಿದೀರಲ್ಲ!"

೨. ಲಾವಂಚ

ಆಮೇಲೆ ಯಾರೋ ಬೇಸಿಗೆಗೆ ಲಾವಂಚದ ನೀರು ತಂಪು ಅಂದ್ರಂತೆ. ತಂಪು ಮನುಷ್ಯರಿಗೆ ಕಣಯ್ಯಾ! ಯಾರು ಕೇಳ್ಬೇಕು? ಒಂದು ಕಟ್ಟು ಬೇರು ನೆನೆಸಿ ನೀರು ಹುಯ್ದೇಬಿಟ್ರು. ಬಸ್ ನಿಲ್ಲೋ ಜಾಗಕ್ಕೆ ಬರೋಷ್ಟರಲ್ಲಿ ಜೀಪು ಬುಸ್ ಅಂತು. ಘಮ್ ಅಂತ ವಾಸನೆ. ಬಸ್ಸಿಗೆ ಕಾಯ್ತಿದ್ದ ಮುದುಕಿ ಕೈ ಮುಗಿದು ಕೇಳಿದ್ಳು, "ಪೂಜೆ ಯಾರ ಮನೇಲಪ್ಪಾ?"

"ಪೂಜೆ ಅಲ್ಲಜ್ಜೀ," ಅಂದೆ ಅಲ್ಲೇ ಬಸ್ಸಿಗೆ ನಿಂತಿದ್ದ ನಾನು, "ಹೊಗೆ ಹಾಕಿ ಹೆಣ ಎತ್ತೋದೊಂದು ಬಾಕಿ."

೩. ಅತ್ತೆ ವೈದ್ಯ

ರೈಟ್ರ ಅತ್ತೆ ಹಾಸನದ ಕಡೆಯೋರು. "ಗಾಡಿಗೆ ಉಷ್ಣ ಆಗಿದೆ ಕಣಪ್ಪಾ. ರಾಗಿ ಅಂಬಲಿ ಕೊಡು. ಹೊಲ ಉಳೋ ಗಂಡಸರನ್ನೆಲ್ಲ ಅದ್ರಲ್ಲೇ ಸಾಕಿದೀನಿ."

"ಅತ್ತೆ, ಇದು ಇಂಜಿನ್ನು, ನಿಮ್ಮೂರ ಎತ್ತಲ್ಲ," ಅಂತ ರೈಟ್ರು ಎಲ್ರೆದುರಿಗೆ ನಕ್ರು. ಮ್ಯಾನೇಜರು ಬರೋ ದಿನ ಬೆಳಿಗ್ಗೆ ಬೇಲಿ ಸಂದೀಲಿ ನೋಡ್ತೀನಿ, ಅದೇ ರೈಟ್ರು ಚೊಂಬು ಹಿಡ್ಕೊಂಡು ಜೀಪಿಗೆ ಅಂಬಲಿ ಹುಯ್ತಿದಾರೆ! ನಾನು ಬಾಯಿಬಿಡ್ಲಿಲ್ಲ. ಇಂಥ ಭಾಗ್ಯ ದಿನಾ ಸಿಗುತ್ತಾ?

ಆದ್ರೆ ನನ್ನ ಗ್ರಹಚಾರ. ಗಾಡೀಲಿ ಭಾರ ಇದ್ರೇನೇ ಪರೀಕ್ಷೆ ಅಂತ ಮ್ಯಾನೇಜರು ಅಂದ್ರು. ರೈಟ್ರು ನನ್ನ ಕಡೆ ತಿರುಗಿ, "ಅಕ್ಕಾ, ಒಂದ್ನಿಮಿಷ ಬನ್ನಿ," ಅಂದ್ರು. ಇಡೀ ಬೀದೀಲಿ ಭಾರಕ್ಕೆ ನಾನೇ ಕಂಡಿದ್ದು! ಹಿಂದೆ ಹತ್ಕೊಂಡೆ. ಪಕ್ಕದಲ್ಲಿ ಅತ್ತೆ.

ಮಡಿಕೇರಿ ದಾರೀಲಿ ಬೋಯಿಕೇರಿ ಏರು ಬಂತು. ಜೀಪು ಗೊರಗೊರ ಅಂತ ಸದ್ದು ಮಾಡ್ತು, ಒಲೆ ಮೇಲಿನ ಪಾತ್ರೆ ಥರ. ಆಮೇಲೆ ನಿಂತೇ ಬಿಡ್ತು. ಮ್ಯಾನೇಜರು ಬಿಳಿ ಶರಟು ಹಾಕ್ಕೊಂಡು ಇಳಿದು, ಟವಲ್ ಸುತ್ತಿ ಮುಚ್ಚಳ ತಿರುವಿದ್ರು. ರೈಟ್ರು "ಬೇಡ ಸಾರ್!" ಅನ್ನೋಷ್ಟರಲ್ಲಿ ಮುಚ್ಚಳ ಹಾರ್ತು. ಹಿಂದೇನೇ ಅಂಬಲಿ. ಶರಟು, ಟೋಪಿ, ಮೀಸೆ, ಎಲ್ಲಾ ಕಂದು ಬಣ್ಣ. ಪುಣ್ಯ, ಸುಟ್ಟಿದ್ದು ಮರ್ಯಾದೆ ಮಾತ್ರ.

ಅತ್ತೆ ನಿಧಾನಕ್ಕೆ ಇಳಿದು, ಬಾನೆಟ್ ಮೇಲೆ ಬಿದ್ದಿದ್ದನ್ನ ಬೆರಳಲ್ಲಿ ಮುಟ್ಟಿ ನೋಡಿದ್ರು. "ಗಂಟಿಲ್ದೆ ಬೆಂದಿದೆ ಸ್ವಾಮೀ. ನಾನೇ ಕಾಯ್ಸಿದ್ದು."

ಮ್ಯಾನೇಜರು ಮೀಸೆ ಒರೆಸ್ಕೊಂಡು ಹೇಳಿದ್ರು, "ರೈಟ್ರೇ, ಜೀಪು ಬೇಡ. ಲೈನ್ ಮನೆ ಕೂಲಿಯೋರಿಗೆ ಬೆಳಿಗ್ಗೆ ಅಂಬಲಿ ಕಾಯ್ಸೋಕೆ ಜನ ಹುಡುಕ್ತಿದ್ದೆ. ಇವರನ್ನ ನಾಳೆಯಿಂದ ಕಳ್ಸಿ."

ಅವತ್ತಿಂದ ದಿನಾ ಬೆಳಿಗ್ಗೆ ನಮ್ಮನೆ ಮುಂದೆ ಮೆರವಣಿಗೆ. ಮುಂದೆ ಎಸ್ಟೇಟ್ ಕೆಲ್ಸಕ್ಕೆ ಹೊರಟ ಅತ್ತೆ, ಹಿಂದೆ ಅವರ ಪಾತ್ರೆ ತಲೆ ಮೇಲೆ ಹೊತ್ಕೊಂಡು ಅಳಿಯ, ನಡ್ಕೊಂಡು.